ಕಿವಿಯಕ್ಕನ ಐದು ಕಾಲಿನ ರಿಲೇ

ನಮ್ಮ ಅತ್ತೆಗೆ ಕೋಪ ಮೂಗಿನ ತುದಿಯಲ್ಲಿ, ಬುದ್ಧಿ ಕಿವಿಯಲ್ಲಿ. ಅಪ್ಪನ ಅಕ್ಕ ಆಕೆ. ಪಕ್ಕದ ಕೋಣೆಯ ಗಡಿಯಾರ ಹಿಂದೆ ಬಿದ್ದಿದೆ ಎಂದು ಊಟ ಮಾಡುತ್ತಲೇ ಹೇಳಿಬಿಡುತ್ತಾಳೆ. ಫ್ರಿಜ್ಜು ಇನ್ನೇನು ಕೈಕೊಡುತ್ತದೆ ಎಂದು ಮೊದಲೇ ಘೋಷಿಸಿ, ಅದು ಕೈಕೊಟ್ಟ ಮೇಲೆ ಮನೆಮಂದಿಯನ್ನೆಲ್ಲ ಒಂದು ಸುತ್ತು ನೋಡಿ, “ನಾನು ಹೇಳ್ಲಿಲ್ವಾ?” ಎನ್ನುತ್ತಾಳೆ. ಈ ಮಾತನ್ನು ಅವಳಷ್ಟು ಸುಖಪಟ್ಟು ಆಡುವವರನ್ನು ನಾನು ಬೇರೆ ಕಂಡಿಲ್ಲ. ವಿನಯ ಅವಳ ಹತ್ತಿರ ಸುಳಿದದ್ದೇ ಇಲ್ಲ. ಅದಕ್ಕೇ ಅವಳು ಸೋತ ಕಥೆಯನ್ನೂ ಗೆದ್ದ ಕಥೆಯನ್ನೂ ನಾನು ಹೇಳಬೇಕಾಗಿದೆ. ಅವಳಿಗೇ ಬಿಟ್ಟರೆ ಸೋತದ್ದು ಮಾಯವಾಗಿಬಿಡುತ್ತದೆ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಮೊದಲು ಹೆಡ್‌ಫೋನ್ ಸಿಕ್ಕಿಸಿಕೊಂಡು ‘ನಂಬರ್ ಹೇಳಿ’ ಎನ್ನುವ ಕೆಲಸ, ಆಮೇಲೆ ಒಳಗಿನ ದೊಡ್ಡ ಹಜಾರದಲ್ಲಿ ರಿಲೇಗಳನ್ನು ನೋಡಿಕೊಳ್ಳುವ ಕೆಲಸ. ರಿಲೇ ಎಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ತಂತಿಯ ಸುರುಳಿ, ಅದರ ಮುಂದೊಂದು ಕಬ್ಬಿಣದ ನಾಲಿಗೆ. ಸುರುಳಿಗೆ ಸಣ್ಣ ಕರೆಂಟು ಬಂದರೆ ಅದು ನಾಲಿಗೆಯನ್ನು ಟಕ್ ಎಂದು ಎಳೆದುಕೊಂಡು ದೊಡ್ಡ ಕರೆಂಟಿಗೆ ದಾರಿ ಬಿಡುತ್ತದೆ. ಹಜಾರದ ತುಂಬ ಕಪಾಟುಗಳು, ಕಪಾಟುಗಳ ತುಂಬ ರಿಲೇಗಳು. ಊರಿನವರು ಫೋನಿನಲ್ಲಿ ಮಾತಿಗೆ ಕೂತರೆ ಅಲ್ಲಿ ಟಕಟಕ ಸದ್ದಿನಲ್ಲಿ ಮನುಷ್ಯರ ಮಾತು ಕೇಳುತ್ತಿರಲಿಲ್ಲವಂತೆ. ಆ ಗದ್ದಲದಲ್ಲೂ ಯಾವ ಕಪಾಟಿನ ಯಾವ ನಾಲಿಗೆ ಅಂಟುತ್ತಿದೆ ಎಂದು ಅತ್ತೆ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಜೊತೆಯವರು ಅವಳನ್ನು ಕಿವಿಯಕ್ಕ ಎಂದು ಕರೆಯತೊಡಗಿದ್ದು ಆಗಲೇ.

ಆ ಹಜಾರದಲ್ಲಿ ಇನ್ನೊಂದು ಶಿಸ್ತಿತ್ತು. ಒಂದೇ ಒಂದು ವೈರ್ ಕೂಡ ತುದಿ ಬಿಟ್ಟು ನೇತಾಡಬಾರದು. ಒಂಟಿ ವೈರ್ ಕಣ್ಣಿಗೆ ಬಿದ್ದರೆ ಅತ್ತೆ ಅದಕ್ಕೊಂದು ಜೋಡಿ ನೋಡಿ ಬೆಸುಗೆ ಹಾಕದೆ ಊಟಕ್ಕೆ ಏಳುತ್ತಿರಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ಅಪ್ಪನಿಗೆ ಬಣ್ಣದ ಸ್ನಾನ ಮಾಡಿಸಿದ್ದು ಇದೇ ಶಿಸ್ತು.

ಕೊನೆಗೊಂದು ದಿನ ಸದ್ದೇ ಮಾಡದ ಹೊಸ ಯಂತ್ರಗಳು ಬಂದವು. ಹಳೆಯ ಕಪಾಟುಗಳನ್ನು ಲಾರಿಗೆ ಹೇರಿ ಗುಜರಿಗೆ ಕಳಿಸಿದರು. ಅತ್ತೆ ಗೇಟಿನ ಬಳಿ ನಿಂತು ನೋಡಿದಳಂತೆ. “ಕೆಟ್ಟಿದ್ದನ್ನ ಎಸೆದಿದ್ರೆ ನಂಗೇನೂ ಇರ್ತಿರ್ಲಿಲ್ಲ. ಬೆಳಿಗ್ಗೆ ತನಕ ಕೆಲಸ ಮಾಡಿದ್ದನ್ನ ಎಸೆದ್ರು ಕಣೇ. ಒಬ್ರಾದ್ರೂ ನನ್ನ ಒಂದು ಮಾತು ಕೇಳಿದ್ರಾ?” ಎಂದು ಈಗಲೂ ಕೇಳುತ್ತಾಳೆ. ನಿವೃತ್ತಿಯಾದ ಮೇಲೆ ಎಲ್ಲರೂ ಅವಳು ಇನ್ನು ಮನೆಯಲ್ಲಿ ತೆಪ್ಪಗಿರುತ್ತಾಳೆ ಎಂದುಕೊಂಡಾಗ, ಯಾರೋ ಮಾರಲಿಟ್ಟಿದ್ದ ಹಳೆಯ ಮೋಟಾರ್‌ಸೈಕಲ್ಲನ್ನು ತಂದು ಅಂಗಳದಲ್ಲಿ ನಿಲ್ಲಿಸಿದಳು. ಓಡಿಸಲು ಕಲಿತದ್ದು ಆಮೇಲೆ. ವಾರಕ್ಕೊಮ್ಮೆ ಅದರ ಮೇಲೆ ಒಂದು ಸವಾರಿ ಹೋಗೇ ಹೋಗುತ್ತಾಳೆ, ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಗೆಳತಿಯ ಮನೆಗೆ. ಬಸ್ಸು ಅಲ್ಲಿಯ ತನಕ ಹೋಗುವುದಿಲ್ಲ. ಗೆಳತಿಗೆ ಈಗ ಕಿವಿ ಪೂರ್ತಿ ಮಂದ. ಗಾಡಿ ನಿಂತ ಕೂಡಲೇ ಹೊರಗೆ ಬಂದು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈ ಇಟ್ಟು, ನಡುಕ ನೋಡಿ, “ಚೆನ್ನಾಗಿದೆ” ಎನ್ನುತ್ತಾಳಂತೆ. ಇಬ್ಬರಿಗೂ ಅಷ್ಟು ಸಾಕು.

ಇಂಥ ಗಾಡಿ ರಸ್ತೆಯ ಮೇಲೆ ಉಳಿಯಬೇಕಾದರೆ ತಪಾಸಣೆಯಲ್ಲಿ ಪಾಸಾಗಬೇಕು. ಹಳೆಯ ಗಾಡಿಗಳಿಗೆ ಒಂದೇ ಅವಕಾಶ. ಫೇಲಾದರೆ ಅಲ್ಲೇ ನಂಬರ್ ಪ್ಲೇಟ್ ಬಿಚ್ಚಿಕೊಂಡು ಗಾಡಿಯನ್ನು ಗುಜರಿಗೆ ಬರೆದುಬಿಡುತ್ತಾರೆ. ತಪಾಸಣೆಯ ದಿನ ಹತ್ತಿರ ಬರುತ್ತಿದ್ದಂತೆಯೇ ಒಂದು ಬೆಳಿಗ್ಗೆ ಅತ್ತೆ ಸ್ಟಾರ್ಟ್ ಗುಂಡಿ ಒತ್ತಿದರೆ ಗಾಡಿ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅದಕ್ಕೆ ಕಾಲಲ್ಲಿ ಒದೆಯುವ ಕಿಕ್ಕರ್ ಇಲ್ಲ. ಗುಂಡಿಯೇ ಗತಿ. ಇಂಡಿಕೇಟರ್ ಕೂಡ ಉರಿದು ಉರಿದು ಸುಮ್ಮನಾಗಿತ್ತು. ಅತ್ತೆ ಸೀಟು ತೆಗೆದು ಒಳಗೆ ಕಿವಿಯಿಟ್ಟಳು.

“ಟಕ್ ಅಂತಿಲ್ಲ. ರಿಲೇ ಹೋಗಿದೆ,” ಎಂದಳು.

“ಗಾಡಿಯೇ ಹೋಗಿದೆ ಅನ್ನು,” ಎಂದ ಅಪ್ಪ, ಜಗಲಿಯಿಂದ. “ಅಕ್ಕಾ, ನಿನ್ನ ವಯಸ್ಸಿಗೆ ಇದೆಲ್ಲ ಬೇಕಾ? ಒಂದು ಮಾತು ಆಗಿಹೋಗ್ಲಿ. ತಪಾಸಣೇಲಿ ಪಾಸಾಗ್ಲಿಲ್ಲ ಅಂದ್ರೆ ನೀನು ಇನ್ಮೇಲೆ ಯಾವ ಗಾಡೀನೂ ಮುಟ್ಟೋ ಹಾಗಿಲ್ಲ.”

“ಪಾಸಾದ್ರೆ?”

“ನೀನು ಹೇಳಿದ್ದು.”

“ನನ್ನ ಹಿಂದೆ ಕೂತ್ಕೊಂಡು ಮನೆಗೆ ಬರ್ಬೇಕು. ಪೇಟೆ ಬೀದಿ ಮೇಲೆ.”

ಅಪ್ಪನ ಮುಖ ಸಪ್ಪೆಯಾಯಿತು. ಚಿಕ್ಕವನಿದ್ದಾಗ ಅಕ್ಕ ಅವನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು, ಎರಡೂ ಕೈ ಬಿಟ್ಟು, ಇಳಿಜಾರಿನಲ್ಲಿ ಹಾರಿಸಿಕೊಂಡು ಹೋಗಿ ಮೋರಿಗೆ ಹಾಕಿದ್ದಳು. ಅಂದಿನಿಂದ ಅವನು ಅವಳು ಓಡಿಸುವ ಯಾವುದರ ಮೇಲೂ ಕೂತವನಲ್ಲ. ಆದರೂ ನನ್ನೆದುರು ಹಿಂದೆ ಸರಿಯಲಾಗದೆ, “ಆಯ್ತು,” ಎಂದ.

ನಾನೂ ಅತ್ತೆಯೂ ಹಳೆಯ ರಿಲೇಯನ್ನು ಬಿಚ್ಚಿಕೊಂಡು ಬಿಡಿಭಾಗಗಳ ಅಂಗಡಿಗೆ ಹೋದೆವು. ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪದ ಕರಿ ಡಬ್ಬಿ, ಕೆಳಗೆ ಚಾಚಿದ ಹಿತ್ತಾಳೆಯ ಕಾಲುಗಳು, ಒಂದೊಂದು ಕಾಲಿಗೂ ಒಂದೊಂದು ವೈರ್. ಅಂಗಡಿಯವನನ್ನು ಎಲ್ಲರೂ ಗೊಣಗಪ್ಪ ಎನ್ನುತ್ತಾರೆ, ಅವನೂ ಓಗೊಡುತ್ತಾನೆ.

“ಇದನ್ನ ಮಾಡೋದು ಬಿಟ್ಟು ಯಾವ ಕಾಲ ಆಯ್ತೋ ಏನೋ,” ಎಂದು ಗೊಣಗುತ್ತಲೇ ಅವನು ಅದೇ ಅಳತೆಯ ಬೇರೆ ರಿಲೇಗಳನ್ನು ಗಾಜಿನ ಮೇಜಿನ ಮೇಲೆ ಸುರಿದ. ಅತ್ತೆ ಅವನ ಬ್ಯಾಟರಿ ಕೇಳಿ ಪಡೆದಳು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಟಕ್ ಎನ್ನಿಸತೊಡಗಿದಳು. ಒಂದಕ್ಕೆ ಗಂಟಲಲ್ಲಿ ಕಫ ಕಟ್ಟಿದೆ ಎಂದಳು. ಇನ್ನೊಂದು ಸೋಮಾರಿ. ಮತ್ತೊಂದು ಬರೀ ಬಾಯಿಬಡುಕ. ಹಿಂದೆ ನಿಂತಿದ್ದ ಗಿರಾಕಿಗಳು ಮುಸಿಮುಸಿ ನಗುತ್ತಿದ್ದರು. ಕಡೆಗೊಂದು ರಿಲೇ ಟಕ್ ಎಂದ ಕೂಡಲೇ ಅವಳ ಮುಖ ಅರಳಿತು.

“ಇದು. ಇದೇ ರಿಲೇ.”

“ಅಕ್ಕಾ, ಹಳೇದಕ್ಕೆ ಐದು ಕಾಲಿದೆ ನೋಡಿ. ಇದಕ್ಕೆ ನಾಲ್ಕೇ,” ಎಂದ ಗೊಣಗಪ್ಪ.

“ಬದುಕಿಡೀ ರಿಲೇ ಜೊತೆಗೇ ಇದ್ದವಳಿಗೆ ನೀನು ಕಾಲು ಎಣಿಸೋದು ಹೇಳ್ಕೊಡ್ತೀಯೇನಪ್ಪಾ?”

ಅವನು ಕೈ ಎತ್ತಿಬಿಟ್ಟ. ಇಂಡಿಕೇಟರ್ ಮಿಣುಕಿಸುವ ಫ್ಲ್ಯಾಶರ್ ಕೂಡ ಒಂದು ಬಗೆಯ ರಿಲೇಯೇ. ಅದರಲ್ಲಿ ಅವನ ಹತ್ತಿರ ಎರಡು ಜಾತಿ ಇದ್ದವು. ಒಂದು, ಬಲ್ಬು ಉರಿಯಲಿ ಬಿಡಲಿ ಒಂದೇ ತಾಳದಲ್ಲಿ ಮಿಣುಕುವುದು. ಇನ್ನೊಂದು, ಒಂದು ಬಲ್ಬು ಹೋದರೂ ಗಾಬರಿಬಿದ್ದು ಟಕಟಕ ಎಂದು ಓಡುವುದು. ಗೊಣಗಪ್ಪ ಮೊದಲನೆಯದನ್ನೇ ಹೊಗಳಿದ, ಕಿರಿಕಿರಿ ಇಲ್ಲವಂತೆ. ಅತ್ತೆ ಎರಡನೆಯದನ್ನು ಎತ್ತಿಕೊಂಡಳು. “ಮೈಗೆ ಹುಷಾರಿಲ್ದಾಗ ಬಾಯಿಬಿಟ್ಟು ಹೇಳೋದೇ ನಂಗೆ ಬೇಕಾಗಿರೋದು,” ಎಂದಳು.

ಮನೆಗೆ ಬಂದು ಕೆಲಸಕ್ಕೆ ಕೂತಳು. ನನ್ನ ಪಾಲಿಗೆ ಟಾರ್ಚು. ಔಷಧಿ ಅಂಗಡಿಯಲ್ಲಿ ಇಡೀ ದಿನ ಚೀಟಿ ಓದಿ ಓದಿ ಕಣ್ಣು ಸೋತಿದ್ದರೂ ಅತ್ತೆಗೆ ಟಾರ್ಚು ಹಿಡಿಯುವುದೆಂದರೆ ನನಗೆ ಖುಷಿ, ಏಕೆಂದರೆ ಅವಳು ಬಾಯಿತುಂಬ ಬೈಯುವುದನ್ನು ಕೇಳಬಹುದು. ನಾಲ್ಕು ವೈರ್ ನಾಲ್ಕು ಕಾಲಿಗೆ ಹೋದವು. ಐದನೆಯದು ಒಂಟಿಯಾಗಿ ಉಳಿಯಿತು.

“ಇದನ್ನೇನು ಮಾಡ್ತೀಯ?” ಎಂದೆ.

“ಒಂಟಿಯಾಗಿ ನೇತಾಡಕ್ಕೆ ಬಿಡಕ್ಕಾಗುತ್ತಾ?” ಎಂದು ಅದನ್ನು ಪಕ್ಕದ ವೈರಿಗೆ ಸೇರಿಸಿ, ಮುತ್ತಿನಂಥ ಬೆಸುಗೆ ಹಾಕಿದಳು. ಬೆಸುಗೆಯನ್ನು ನೋಡಿ ತಾನೇ ತಲೆದೂಗಿದಳು. ಗುಂಡಿ ಒತ್ತಿದಳು. ಗಾಡಿ ಒಂದೇ ಸಲಕ್ಕೆ ಗುಡುಗಿತು. ನಾನು ಚಪ್ಪಾಳೆ ಹೊಡೆದೆ. ಅತ್ತೆ ಹೆಲ್ಮೆಟ್ ಏರಿಸಿಕೊಂಡು ಬೀದಿಗೆ ಒಂದು ಮೆರವಣಿಗೆ ಹೊರಟೇಬಿಟ್ಟಳು.

ಅವಳು ವಾಪಸ್ಸಾದಾಗ ಅಪ್ಪ ಗೇಟಿಗೆ ನೀಲಿ ಬಣ್ಣ ಬಳಿಯುತ್ತಿದ್ದ. ಅತ್ತೆ ಅವನ ಎದುರಿಗೇ ನಿಲ್ಲಿಸಿ, ಕ್ಲಚ್ ಹಿಡಿದುಕೊಂಡು, ಎಂಜಿನ್ ಗುರುಗುಟ್ಟಿಸುತ್ತ ಅವನನ್ನೇ ನೋಡಿದಳು. ಗಾಡಿಯ ಹ್ಯಾಂಡಲ್ಲಿನ ನಡುವೆ ಒಂದು ಪುಟ್ಟ ಹಸಿರು ದೀಪವಿದೆ. ಅದು ಉರಿಯುತ್ತಿದ್ದರೆ ಗಾಡಿ ನ್ಯೂಟ್ರಲ್‌ನಲ್ಲಿದೆ, ಗೇರ್ ಬಿದ್ದಿಲ್ಲ, ಕ್ಲಚ್ ಬಿಡಬಹುದು ಎಂದರ್ಥ. ದೀಪ ಉರಿಯುತ್ತಿತ್ತು. ಅತ್ತೆ ಹಣೆ ಒರೆಸಿಕೊಳ್ಳಲು ಕ್ಲಚ್ ಬಿಟ್ಟಳು.

ಗಾಡಿ ಗೇರಿನಲ್ಲಿತ್ತು. ಚಂಗನೆ ನೆಗೆದು ಬಣ್ಣದ ಡಬ್ಬಕ್ಕೆ ಗುದ್ದಿ, ಗೇಟಿಗೆ ಮುಖವೊಡ್ಡಿ ನಿಂತಿತು. ಡಬ್ಬ ಮೇಲಕ್ಕೆ ಹಾರಿತು. ಯಾರಿಗೂ ಏಟಾಗಲಿಲ್ಲ, ಆದರೆ ಅಪ್ಪ ತಲೆಯಿಂದ ಪಾದದ ತನಕ ನೀಲಿಯಾಗಿದ್ದ. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಅವನು ಕೂಗಾಡಿದ್ದರೆ ಎಲ್ಲ ನಗುವಿನಲ್ಲೇ ಮುಗಿಯುತ್ತಿತ್ತೇನೋ. ಅವನು ಕೂಗಾಡಲಿಲ್ಲ. ಕಣ್ಣಿನ ಮೇಲಿನ ಬಣ್ಣ ಒರೆಸಿಕೊಂಡು ಮೆಲ್ಲಗೆ, “ನಾನೇ ಹೋಗಿ ಗುಜರಿಯವನಿಗೆ ಹೇಳ್ತೀನಿ ಬಿಡಕ್ಕಾ,” ಎಂದ.

ಎದುರುತ್ತರ ಕೊಡದ ಅತ್ತೆಯನ್ನು ನಾನು ನೋಡಿದ್ದು ಅದೇ ಮೊದಲು. ಗಾಡಿಯನ್ನು ತಳ್ಳಿಕೊಂಡು ಹೋಗಿ ಮೂಲೆಯಲ್ಲಿ ನಿಲ್ಲಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ. ನನಗೆ ಅಳು ಬಂತು. ಅಪ್ಪ ಆಡಿದ್ದು ತಪ್ಪು ಮಾತಲ್ಲ, ಆದರೆ ಗುಜರಿ ಎಂಬ ಆ ಒಂದು ಪದವನ್ನು ಅವನು ಆಡಬಾರದಿತ್ತು.

ಬೆಳಿಗ್ಗೆ ಅಡುಗೆಮನೆಯಿಂದ ಕರಕರ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಅತ್ತೆ ಸತ್ತುಹೋದ ಹಳೆಯ ರಿಲೇಯನ್ನು ಮಣೆಗೆ ಒತ್ತಿ ಹಿಡಿದು, ಗರಗಸದ ಅಲಗಿನಿಂದ ಅದರ ಹೊಟ್ಟೆ ಕೊಯ್ಯುತ್ತಿದ್ದಳು. ಚಿಪ್ಪು ಬಿಚ್ಚಿಕೊಂಡಿತು. ಒಳಗೆ ಸುರುಳಿ, ನಾಲಿಗೆ, ಎಲ್ಲ ಅವಳಿಗೆ ಗೊತ್ತಿದ್ದದ್ದೇ. ಆದರೆ ಐದನೆಯ ಕಾಲಿನ ಬುಡದಲ್ಲಿ, ಮೆಣಸಿನ ಕಾಳಿನಷ್ಟು ಕರಿಯ ತುಂಡೊಂದು ಕೂತಿತ್ತು. ಅದರ ಸೊಂಟಕ್ಕೊಂದು ಬಿಳಿ ಗೆರೆ.

“ಡಯೋಡು!” ಎಂದು ಅತ್ತೆ ಕಿರುಚಿದಳು. “ಹಾಳಾದ್ದು, ಬಾಯಿ ಮುಚ್ಕೊಂಡು ಇಲ್ಲಿ ಕೂತಿದೆ ನೋಡೇ!”

ಡಯೋಡ್ ಎಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ತುಂಡು. ಆ ಕಡೆ ಹೋಗಬಹುದು, ಈ ಕಡೆ ಬರುವಂತಿಲ್ಲ. ಅದು ಟಕ್ ಎನ್ನುವುದಿಲ್ಲ. ಅದಕ್ಕೆ ಸದ್ದೇ ಇಲ್ಲ. ಅತ್ತೆ ಅಡುಗೆಮನೆಯ ನೆಲದ ಮೇಲೆಯೇ ದಾರದ ತುಂಡುಗಳನ್ನಿಟ್ಟು ನನಗೆ ವಿವರಿಸಿದಳು. ಕ್ಲಚ್ಚಿನ ವೈರ್ ಒಂದು, ಹಸಿರು ದೀಪದ ವೈರ್ ಒಂದು. ಎರಡೂ ರಿಲೇಯ ಹತ್ತಿರ ಬಂದರೂ ಒಂದಕ್ಕೊಂದು ಸೇರದಂತೆ ಮಧ್ಯೆ ಈ ಡಯೋಡ್ ಕಾವಲು ನಿಂತಿರುತ್ತದೆ. ಅವಳು ಎರಡನ್ನೂ ಸೇರಿಸಿ ಬೆಸುಗೆ ಹಾಕಿದ್ದಳು. ಹಾಗಾಗಿ ಬರೀ ಕ್ಲಚ್ ಹಿಡಿದರೂ ದೀಪದ ಕರೆಂಟಿಗೆ ಕಳ್ಳದಾರಿ ಸಿಕ್ಕಿ, ಗೇರಿನಲ್ಲಿದ್ದರೂ ಹಸಿರು ಉರಿದಿತ್ತು.

“ಸದ್ದು ಮಾಡೋದನ್ನ ಮಾತ್ರ ಆರಿಸ್ದೆ ನಾನು,” ಎಂದಳು. ತಪ್ಪೊಪ್ಪಿಕೊಳ್ಳುವುದಕ್ಕೆ ಅತ್ತೆ ಇದಕ್ಕಿಂತ ಹತ್ತಿರ ಬಂದದ್ದನ್ನು ನಾನು ಕೇಳಿಲ್ಲ. ಮರುಕ್ಷಣವೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದಳು.

ಗೊಣಗಪ್ಪ ನಮ್ಮನ್ನು ಕಂಡವನೇ, “ನಾನು ಕಾಲು ಎಣಿಸಿದ್ದೆ,” ಎಂದ. ಅತ್ತೆ ಕೊಯ್ದ ರಿಲೇಯನ್ನು ಅವನ ಮುಂದಿಟ್ಟಳು. ಅವನು ಮೊದಲು ಹಳೆಯ ಗಾಡಿಯೊಂದರಿಂದ ಕಿತ್ತಿಟ್ಟಿದ್ದ ಅಂಥದ್ದೇ ರಿಲೇ ತೋರಿಸಿದ. ಟಕ್ ಎಂದಿತು, ಆದರೆ ನಮ್ಮದು ಸತ್ತ ವಯಸ್ಸಿಗೆ ಅದೂ ಬಂದಿತ್ತು. ಬೇಡವೆಂದಳು. ಆಮೇಲೆ ಹೊಚ್ಚಹೊಸದು, ಐದು ಕಾಲಿನದೇ, ತಂದಿಟ್ಟ. ನಾನು ಅದನ್ನೇ ತೆಗೆದುಕೊಂಡುಬಿಡೋಣ ಎಂದೆ. ಅತ್ತೆ ಈ ಸಲ ಕಿವಿಗೆ ಹಿಡಿಯಲೇ ಇಲ್ಲ. ಬಲ್ಬಿಗೆ ವೈರ್ ಸಿಕ್ಕಿಸಿ ಒಂದೊಂದು ಕಾಲನ್ನೂ ಮುಟ್ಟಿಸಿ ನೋಡಿದಳು.

“ಕಾಲು ಐದಾದ್ರೇನು ಬಂತು? ಇದರ ಐದನೇ ಕಾಲಿಗೆ ಸುಮ್ನಿದ್ದಾಗ್ಲೂ ಬ್ಯಾಟರಿ ಕರೆಂಟು ಬರ್ತಿದೆ. ನಮ್ಮ ಗಾಡಿಗೆ ಹಾಕಿದ್ರೆ ಫ್ಯೂಸು ಠುಸ್.”

ಗೊಣಗಪ್ಪ ತಾನೂ ಮುಟ್ಟಿಸಿ ನೋಡಿದ. “ಹೌದಲ್ಲಾ,” ಎಂದ. ಅತ್ತೆಗಿಂತ ಅವನಿಗೇ ಹೆಚ್ಚು ಸಂತೋಷವಾದಂತಿತ್ತು. ಮೂವರೂ ತಲೆಗೆ ತಲೆ ಕೊಟ್ಟು ಕೂತೆವು. ಕೊನೆಗೆ ತೀರ್ಮಾನವಾಯಿತು. ನಾಲ್ಕು ಕಾಲಿನ ಒಳ್ಳೆಯ ರಿಲೇ ಹಾಗೆಯೇ ಇರಲಿ, ಡಯೋಡನ್ನು ಹೊರಗಡೆಯಿಂದ ಹಾಕುವುದು. ಗೊಣಗಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ತಾನೇ ಪಕ್ಕದ ರೇಡಿಯೋ ರಿಪೇರಿಯವನ ಹತ್ತಿರ ಓಡಿ ಹೋಗಿ ಒಂದು ಡಯೋಡ್ ತಂದ. ಗೊಣಗಲೂ ಮರೆತಿದ್ದ.

ಮನೆಯಲ್ಲಿ ಅತ್ತೆ ತನ್ನ ಮುತ್ತಿನಂಥ ಬೆಸುಗೆಯನ್ನು ತಾನೇ ಕರಗಿಸಿದಳು. ಅದು ಅವಳಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಗಿತ್ತು. ಡಯೋಡನ್ನು ತಲೆಕೆಳಗು ಹಾಕಿದರೆ ಮತ್ತೆ ಮೊದಲಿನ ಗೋಳೇ. ಬ್ಯಾಟರಿ, ಬಲ್ಬು ಇಟ್ಟು ನೋಡಿದಳು. ಒಂದು ಕಡೆಯಿಂದ ಬಲ್ಬು ಉರಿಯಿತು, ತಿರುಗಿಸಿದರೆ ಆರಿತು. ರಿಲೇಯಿಂದ ದೀಪದ ವೈರಿನ ಕಡೆ ಹೋಗಬೇಕು, ಅಲ್ಲಿಂದ ಈಚೆ ಬರಬಾರದು. ನನ್ನ ಕೈಯಲ್ಲೂ ತಿರುಗಿಸಿ ನೋಡಿಸಿದಳು. “ನೀನು ನೋಡಿದ್ಯಾ? ಸರಿ ನೋಡಿದ್ಯಾ?” ಎಂದು ಪೀಡಿಸಿದಳು. ಬೆಸುಗೆ ಹಾಕಿ, ರಬ್ಬರಿನ ಕವಚ ತೊಡಿಸಿ ಕಟ್ಟಿದಳು. ಈ ಸಲ ಬೀದಿಯಲ್ಲಿ ಮೆರವಣಿಗೆ ಇರಲಿಲ್ಲ.

ತಪಾಸಣೆಯ ದಿನ ಅತ್ತೆ ಗಾಡಿಯಲ್ಲಿ ಹೋದಳು. ನಾನೂ ಅಪ್ಪನೂ ಬಸ್ಸಿನಲ್ಲಿ. ಅಪ್ಪ ಹೆಲ್ಮೆಟ್ ತಂದಿರಲಿಲ್ಲ, ಫೇಲಾಗುತ್ತದೆಂದು ಅಷ್ಟು ನಂಬಿಕೆ. ಸಿಮೆಂಟಿನ ದೊಡ್ಡ ಅಂಗಳ, ತಗಡಿನ ಚಪ್ಪರ, ಹಳೆಯ ಗಾಡಿಗಳ ಉದ್ದ ಸಾಲು. ಇನ್‌ಸ್ಪೆಕ್ಟರು ಸಣಕಲು ಮನುಷ್ಯ, ಒಂದು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತಿದ್ದರು. ನಮ್ಮ ಮುಂದಿನ ಗಾಡಿಯ ನಂಬರ್ ಪ್ಲೇಟನ್ನು ನಮ್ಮ ಕಣ್ಣೆದುರೇ ಬಿಚ್ಚಿದರು. ಅದರ ಒಡೆಯ ಹೆಲ್ಮೆಟ್ ಮಾತ್ರ ಹಿಡಿದು ಹೋದ. ಅಪ್ಪ ಮುಖ ತಿರುಗಿಸಿಕೊಂಡ.

ಸಾಲಿನಲ್ಲಿ ಇನ್ನೇನು ಅತ್ತೆಯ ಸರದಿ. ಕೊನೆಯ ಸಲ ನೋಡಿಬಿಡೋಣವೆಂದು ಬಲಗಡೆಯ ಇಂಡಿಕೇಟರ್ ಹಾಕಿದಳು. ಅಷ್ಟೆಲ್ಲ ಎಂಜಿನ್‌ಗಳ ಅಬ್ಬರದ ನಡುವೆ ನನಗೆ ಏನೂ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು.

“ಓಡ್ತಿದೆ,” ಎಂದಳು. “ಫ್ಲ್ಯಾಶರ್ ಓಡ್ತಿದೆ. ಹಿಂದಿನ ಬಲ್ಬು ಹೋಗಿದೆ ನೋಡು!”

ನಾನು ಹಿಂದೆ ಓಡಿದೆ. ಹಿಂದಿನ ಬಲ ಇಂಡಿಕೇಟರ್ ಸತ್ತಿತ್ತು. ಅತ್ತೆ ಇಳಿದು ಬಂದು ಗಾಜು ಬಿಚ್ಚಿ ಬಲ್ಬು ಹೊರತೆಗೆದಳು. ಸುಟ್ಟಿರಲಿಲ್ಲ, ಬುಡಕ್ಕೆ ಕಿಲುಬು ಹಿಡಿದಿತ್ತು. ಅಂಗಿಯ ತೋಳಿನಲ್ಲಿ ತಿಕ್ಕಿ, ಒಳಗಿನ ತಗಡನ್ನು ಉಗುರಿನಿಂದ ಕೆರೆದು, ಮತ್ತೆ ತಿರುಗಿಸಿ ಕೂರಿಸಿದಳು. ಕಿವಿ ವಾಲಿಸಿ ನಿಂತಳು. ಅವಳ ಹುಬ್ಬು ಸಡಿಲಾಯಿತು. “ಈಗ ನಡೀತಿದೆ,” ಎಂದಳು. ಗೊಣಗಪ್ಪ ಹೊಗಳಿದ ಫ್ಲ್ಯಾಶರ್ ಆಗಿದ್ದರೆ ಹಾಯಾಗಿ ಮಿಣುಕುತ್ತ ನಮ್ಮನ್ನು ಮುಳುಗಿಸುತ್ತಿತ್ತು.

ಇನ್‌ಸ್ಪೆಕ್ಟರು ಬ್ರೇಕು ನೋಡಿದರು, ಟಯರು ನೋಡಿದರು, ಎಲ್ಲ ಇಂಡಿಕೇಟರ್‌ಗಳನ್ನೂ ನೋಡಿದರು. ಆಮೇಲೆ ಗಾಡಿಯ ಮುಂದೆ ನಿಲ್ಲದೆ ಪಕ್ಕಕ್ಕೆ ಸರಿದು, “ಗೇರ್ ಹಾಕಿ ಅಮ್ಮಾ. ಈಗ ಕ್ಲಚ್ ಹಿಡಿದು ಸ್ಟಾರ್ಟ್ ಮಾಡಿ. ನಾನು ಹೇಳೋ ತನಕ ಕ್ಲಚ್ ಬಿಡಬೇಡಿ,” ಎಂದರು. “ಹಳೇ ಗಾಡಿಗಳಲ್ಲಿ ಹಸಿರು ದೀಪ ಸುಳ್ಳು ಹೇಳುತ್ತೆ. ಹೋದ ಸಲ ನಂಬಿ ಮುಂದೆ ನಿಂತಿದ್ದೆ,” ಎಂದು ಮೊಣಕಾಲು ತೋರಿಸಿದರು.

ಅಪ್ಪ ನನ್ನ ಕೈ ಹಿಡಿದುಕೊಂಡ. ಯಾವಾಗ ಹಿಡಿದನೋ ನನಗೆ ತಿಳಿಯಲಿಲ್ಲ, ಬೆರಳು ನೋಯುವಷ್ಟು ಬಿಗಿಯಾಗಿತ್ತು. ಅತ್ತೆ ಗೇರ್ ಹಾಕಿದಳು, ಕ್ಲಚ್ ಹಿಡಿದಳು, ಗುಂಡಿ ಒತ್ತಿದಳು. ಟಕ್. ಗಾಡಿ ಗುಡುಗಿತು. ಇನ್‌ಸ್ಪೆಕ್ಟರು ಬಗ್ಗಿ ದೀಪ ನೋಡಿದರು. ನಾವೂ ಕತ್ತು ಚಾಚಿ ನೋಡಿದೆವು.

ದೀಪ ಉರಿಯಲಿಲ್ಲ.

ಅವರು ಅಂಗೈಯಿಂದ ಬಿಸಿಲು ಮರೆಮಾಡಿ ಮತ್ತೆ ನೋಡಿದರು. ಕಪ್ಪಗೆ, ಸತ್ಯವಂತನ ಹಾಗೆ, ಆರಿಯೇ ಇತ್ತು. ನ್ಯೂಟ್ರಲ್ ಮಾಡಿಸಿದರು. ತಕ್ಷಣ ಹಸಿರು ಉರಿಯಿತು. ಮತ್ತೆ ಗೇರ್. ಆರಿತು.

“ಯಾರು ವೈರಿಂಗ್ ಮಾಡಿದ್ದು?”

“ನಾನು!” ಎಂದಳು ಅತ್ತೆ, ಇಡೀ ಅಂಗಳಕ್ಕೆ ಕೇಳುವ ಹಾಗೆ.

ಇನ್‌ಸ್ಪೆಕ್ಟರು ನಕ್ಕು ಟ್ಯಾಂಕಿನ ಮೇಲೆ ಪಾಸಾದ ಚೀಟಿ ಅಂಟಿಸಿದರು. ನಾನು ಕುಣಿದೆ, ನಾಚಿಕೆ ಬಿಟ್ಟು ಕುಣಿದೆ. ಅತ್ತೆ ಮಾತ್ರ ಚೀಟಿಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. “ಇದನ್ನ ಗುಜರಿಗೆ ಬಿಡ್ಲಿಲ್ಲ ನಾನು,” ಎಂದಳು ನನಗೆ ಮಾತ್ರ ಕೇಳುವಂತೆ. ಅವಳ ಕಣ್ಣು ತುಂಬಿತ್ತು. ಮರುಗಳಿಗೆ ಅದೇ ಕಣ್ಣು ಅಪ್ಪನ ಕಡೆ ತಿರುಗಿತು.

“ಹೆಲ್ಮೆಟ್ ತಂದಿಲ್ಲ ಅಕ್ಕಾ,” ಎಂದ ಅಪ್ಪ, ಅವಸರವಾಗಿ.

ಅತ್ತೆ ಪಕ್ಕದ ಪೆಟ್ಟಿಗೆ ತೆರೆದಳು. ಇನ್ನೊಂದು ಹೆಲ್ಮೆಟ್ ಹೊರಟಿತು. “ನಾನು ತಂದಿದ್ದೀನಿ. ಹತ್ತು.”

ನಾನು ಬಸ್ಸು ಹಿಡಿದೆ. ಪೇಟೆ ಬೀದಿಯ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಕೆಳಗೇ ಅವರ ಗಾಡಿ ಬಂದು ನಿಂತಿತು. ಅಪ್ಪ ಎರಡೂ ಕೈಯಿಂದ ಅಕ್ಕನ ಸೊಂಟ ತಬ್ಬಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಅತ್ತೆ ಏನೋ ಅಂದಳು. ಅವನು ಒಂದು ಕಣ್ಣು ತೆರೆದ. ಆಮೇಲೆ ಅವಳ ಭುಜದ ಮೇಲಿಂದ ಬಗ್ಗಿ ಮುಂದೆ ನೋಡಿದ. ಅವಳು ಗೇರ್ ಹಾಕಿ ಕ್ಲಚ್ ಹಿಡಿದುಕೊಂಡಿದ್ದಳು. ತಲೆಯೆತ್ತಿದವನಿಗೆ ಕಿಟಕಿಯಲ್ಲಿ ನಾನು ಕಂಡೆ.

“ಉರೀತಿಲ್ಲ ಕಣೇ!” ಎಂದು ಕೂಗಿದ. “ದೀಪ ಉರೀತಿಲ್ಲ!”

ಒಂದು ದೀಪ ಉರಿಯದಿದ್ದರೆ ಈ ಮನುಷ್ಯ ಇಷ್ಟೇಕೆ ಹಿಗ್ಗುತ್ತಿದ್ದಾನೆ ಎಂದು ಬಸ್ಸಿನವರೆಲ್ಲ ಎದ್ದು ನೋಡಿದರು. ಸಿಗ್ನಲ್ ಬಿಟ್ಟಿತು. ಅತ್ತೆ ಇಂಡಿಕೇಟರ್ ಹಾಕಿ, ಬಲಕ್ಕೆ ತಿರುಗಿ, ಹೊರಟೇಹೋದಳು.

ಮನೆಗೆ ನಾನೇ ಮೊದಲು ಬಂದೆ. ಎಷ್ಟು ಹೊತ್ತಾದರೂ ಅವರ ಸುಳಿವಿಲ್ಲ. ಪೇಟೆ ಬೀದಿಯನ್ನು ಇನ್ನೊಂದು ಸುತ್ತು ಹಾಕಿಕೊಂಡು ಬಂದರಂತೆ. ಹಾಕೋಣ ಎಂದು ಕೇಳಿದವನು ಅಪ್ಪ.